ಯಾರ ಕೈಯಲ್ಲಿತ್ತು ಶಿವಪ್ರಕಾಶನ ವಾಚು?

"ನಿಮ್ಮ ವಾಚ್ ಎಲ್ಲದ ರೀ?"

ಪುಣೆ ಕ್ಯಾಂಪಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಶಿವಪ್ರಕಾಶ ತನ್ನ ಬರಿ ಮಣಿಕಟ್ಟನ್ನು ನೋಡಿಕೊಂಡ.

"ಮನ್ಯಾಗ... ಚಾರ್ಜಿಗೆ ಹಾಕೀನಿ."

ಸುಳ್ಳು! ಎದುರಿಗೆ ಕುಳಿತ ಶೈಲಶ್ರೀಗೆ ಅದು ಗೊತ್ತಿತ್ತು. ಮೇಜಿನ ಕೆಳಗೆ ಅವಳ ಮೊಬೈಲಿನಲ್ಲಿ ಅದೇ ವಾಚು ಯಾರದೋ ನಾಡಿ ತೋರಿಸುತ್ತಿತ್ತು... ನಿಮಿಷಕ್ಕೆ ನೂರಾ ಇಪ್ಪತ್ತೆಂಟು!

ಅವಳು ಹೃದ್ರೋಗದ ದವಾಖಾನೆಯಲ್ಲಿ ಇಸಿಜಿ ತೆಗೆಯುವವಳು. ಎದೆ ಬಡಿತ ಜೋರೆಂದು ಪರೀಕ್ಷೆಗೆ ಬಂದಿದ್ದ ಶಿವಪ್ರಕಾಶ, ಏನೂ ದೋಷವಿಲ್ಲವೆಂದು ತಿಳಿದ ಮೇಲೂ ಬರುತ್ತಲೇ ಇದ್ದ. ಹಾಗೆ ಬೆಳೆದ ಪ್ರೀತಿಗೆ ಮುಂದಿನ ವಾರ ನಿಶ್ಚಯ. 'ನನ್ನ ಎದಿ ಮ್ಯಾಲೆ ನಿನ್ನ ಕಣ್ಣಿರ್ಲಿ' ಎಂದು ನಗುತ್ತ, ಸಿಮ್ ಇರುವ ಆ ವಾಚಿನ ಮಾಹಿತಿ ಅವಳ ಮೊಬೈಲಿಗೂ ಬರುವಂತೆ ಮಾಡಿದ್ದ.

ಈಗ ಅದು ಯಾವಳ ಕೈಯಲ್ಲಿದೆ?

"ಹೋದ ರವಿವಾರ ಎಲ್ಲಿಗೆ ಹೋಗಿದ್ರಿ?"

"ಆಫೀಸಿನ ಕೆಲಸಿತ್ತು..." ಅವನು ಕಣ್ಣು ತಪ್ಪಿಸಿದ.

ಅವಳು ಚಹಾ ಮುಟ್ಟದೆ ಎದ್ದು ಹೋದಳು.

ಮರುದಿನ ಬೆಳಗ್ಗೆ, ನೋಡಬಾರದೆಂದುಕೊಂಡೇ ಮೊಬೈಲು ನೋಡಿದಳು. ನಾಡಿ ಒಮ್ಮೆ ಓಡಿ, ಒಮ್ಮೆ ತಡೆದು, ಲಯವೇ ತಪ್ಪಿತ್ತು. ಒಂದು ತಾಸಿನಿಂದ ಹಾಗೇ!

'ಯಾರಾದರೇನು, ನನಗೇಕೆ?...' ಮನಸ್ಸು ಒಪ್ಪಲಿಲ್ಲ. ಫೋನ್ ಹಚ್ಚಿದಳು.

"ನಿಮ್ಮ ವಾಚ್ ಕಟ್ಕೊಂಡಾಕಿ ಯಾರೇ ಇರ್ಲಿ... ಆಕಿ ಹಾರ್ಟ್ ಸರಿ ಇಲ್ಲ. ಈಗಿಂದೀಗ ನಮ್ಮ ದವಾಖಾನಿಗೆ ಕರ್ಕೊಂಡು ಬರ್ರಿ! ನಾ ಜಗಳಾ ಮಾಡೂದಿಲ್ಲ."

"ಬಂದೆ, ಶೈಲಾ."

ಒಂದು ತಾಸಿನ ಮೇಲೆ ದವಾಖಾನೆಯ ಬಾಗಿಲಲ್ಲಿ ಕಾರು ನಿಂತಿತು. ಶಿವಪ್ರಕಾಶನ ಹೆಗಲು ಹಿಡಿದು ಇಳಿದವರು... ಪುಣೆ ಹತ್ತಿರದ ಸಾಸವಡದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅವಳ ತಂದೆ ಸಿದ್ರಾಮಪ್ಪ!

"ಅಪ್ಪಾ!"

"ಹೋದ ರವಿವಾರ ನನ್ನ ಎದಿ ಹಾರಾಕತ್ತಿದ್ದು ನೋಡಿ ಅಳಿಯಂದ್ರು ಈ ವಾಚ್ ಕಟ್ಟಿದ್ರು. ನಿನಗ ಗೊತ್ತಾದ್ರ ನಿಶ್ಚಯ ಮುಂದಕ್ಕ ಹಾಕ್ತಿ ಅಂತ ಅಳಿಯಂದ್ರ ಕಡಿಂದ ಆಣಿ ಮಾಡಿಸ್ಕೊಂಡಿದ್ದೆ, ಶೈಲವ್ವಾ. ಇವತ್ತು ಮುಂಜಾನಿಂದ ಮನಿಗೆ ಬಂದು ದವಾಖಾನಿಗೆ ಕರ್ಯಾಕತ್ತಿದ್ರು, ನಾನ ಒಲ್ಲೆ ಅಂದಿದ್ದೆ. ಅವರ ಫೋನಿನ ಸ್ಪೀಕರಿನಾಗ ನಿನ್ನ ಮಾತು ಕೇಳಿ ಎದ್ದೆ..."

ಸಂಜೆಯ ಹೊತ್ತಿಗೆ ಔಷಧಿ ಹಿಡಿದು ಅವರ ನಾಡಿ ಸಮಕ್ಕೆ ಬಂತು. ವಾರ್ಡಿನ ಹೊರಗೆ ಇಬ್ಬರೇ ಕುಳಿತಿದ್ದರು.

"ಆಣಿ ಮಾಡಿದ ಮ್ಯಾಲೆ ನನ್ನ ಮೊಬೈಲಿಗೆ ಬರೂದನ್ನ ಯಾಕ ಬಂದ್ ಮಾಡ್ಲಿಲ್ಲ?"

"ಹೇಳೂದಿಲ್ಲ ಅಂತ ಆಣಿ ಮಾಡಿದ್ದೆ. ತೋರ್ಸೂದಿಲ್ಲ ಅಂತ ಮಾಡಿರ್ಲಿಲ್ಲ."

ಅವಳ ಕಣ್ಣು ತುಂಬಿದವು. "ನಾ ನಿಮಗ ಬ್ಯಾರೆ ಹೆಣ್ಣು ಅದಾಳ ಅಂತ ತಿಳ್ದಿದ್ದೆ ರೀ..."

"ಹಂಗ ತಿಳ್ದೂ ಆಕಿನ್ನ ಕರ್ಕೊಂಡು ಬರ್ರಿ ಅಂದಿ. ನಿನ್ನಂಥಾಕಿ ನನಗ ಎಲ್ಲಿ ಸಿಗ್ತಾಳ, ಶೈಲಾ?"

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಒಳಗ ನಡೀರಿ... ಅಪ್ಪ ಆಗಿಂದ ಅಳಿಯಾ ಎಲ್ಲಿ ಅಂತ ಕೇಳಾಕತ್ತಾರ."