ಬೀಗ ಹಾಕಿದ ಕೋಣೆಯ ಅಳತೆ

"ಆ ಬಾಗಿಲನ್ನೂ ತೆಗೀಬೇಕು ಮೇಡಂ."

"ಅದೊಂದು ಬೇಡ."

ಮನೆಯ ಗಾಳಿ ಸೋರಿಕೆ ಅಳೆಯಲು ಬಂದವನು ತಲೆಯೆತ್ತಿ ನೋಡಿದ. ಮುಂಬಾಗಿಲಿನ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನು ಕೂರಿಸಿದ್ದ. ಅದು ಮನೆಯ ಗಾಳಿಯನ್ನೆಲ್ಲ ಹೊರಗೆಳೆದರೆ ಯಾವ ಸಂದಿಯಿಂದ ಚಳಿ ನುಗ್ಗುತ್ತದೆಂದು ಗೊತ್ತಾಗುತ್ತದಂತೆ. ಅದಕ್ಕೆ ಒಳಗಿನ ಬಾಗಿಲೆಲ್ಲ ತೆರೆದಿರಬೇಕಂತೆ.

ಯಾಕೆ ಬೇಡ ಎಂದು ಅವನು ಕೇಳಲಿಲ್ಲ. ಕಾಗದದಲ್ಲಿ ಏನೋ ಬರೆದುಕೊಂಡ, ಅಷ್ಟೆ.

ಎಲ್ಲರೂ ಕೇಳುತ್ತಾರೆ... ಇವನು ಯಾಕೆ ಕೇಳಲಿಲ್ಲ?

ಗಂಡ ತೀರಿಹೋದ ಈ ಎರಡು ವರ್ಷದಲ್ಲಿ ನಯವಾಗಿ ಮಾತಾಡುವವರನ್ನು ಅವಳು ಸಾಕಷ್ಟು ನೋಡಿದ್ದಳು. ಒಬ್ಬ ಚಳಿ ತಡೆಯುತ್ತದೆಂದು ಚಾವಣಿಗೆ ಬಳಿಯುವ ಬಣ್ಣ ಮಾರಿಹೋಗಿದ್ದ. ಒಂದೇ ಚಳಿಗಾಲಕ್ಕೆ ಅದು ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು.

ಈ ಸಲ ಮೋಸ ಹೋಗುವ ಹಾಗಿರಲಿಲ್ಲ. ಅತ್ತೆಯ ಕೆಮ್ಮು ಎದೆಗಿಳಿದಿತ್ತು. ಮುಂದಿನ ಚಳಿಗಾಲದೊಳಗೆ ಮನೆ ಬೆಚ್ಚಗಾಗದಿದ್ದರೆ ಅವರನ್ನು ಮಗಳ ಮನೆಗೆ ಕಳಿಸಿಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅತ್ತೆಯೂ ಹೋದರೆ, ಸಂಜೆ ಗ್ರಂಥಾಲಯದ ಕೆಲಸ ಮುಗಿಸಿ ಬಂದವಳಿಗೆ 'ಬಂದ್ಯಾ' ಎನ್ನಲು ಯಾರೂ ಇರುತ್ತಿರಲಿಲ್ಲ.

ಬೇರೆ ಇಬ್ಬರು ಬಂದು ಹನ್ನೊಂದು ಕಿಟಕಿಯನ್ನೂ ಬದಲಾಯಿಸಬೇಕೆಂದು ಹೇಳಿಹೋದರು. ಅಳತೆಯವನು ಮಾತ್ರ, ಅತ್ತೆ ಅವನಿಗಿಟ್ಟ ಹೆಸರು ಅದು, ಕಿಟಕಿ ಹಾಗೇ ಇರಲಿ, ಚಾವಣಿಯ ಮೇಲೆ ದಪ್ಪ ಹೊದಿಕೆ ಹಾಸಿ ಸಂದುಗಳನ್ನು ಮುಚ್ಚಿದರೆ ಸಾಕು ಎಂದ. ಖರ್ಚು ಅವರು ಹೇಳಿದ್ದರ ಮೂರರಲ್ಲಿ ಒಂದು ಪಾಲು. ಅದರಲ್ಲೂ ಅರ್ಧ ಸರ್ಕಾರದ ಸಹಾಯಧನ, ಉಳಿದದ್ದಕ್ಕೆ ಬ್ಯಾಂಕಿನ ಸಾಲ.

ತನ್ನ ಬಿಲ್ಲನ್ನು ತಾನೇ ಇಳಿಸಿಕೊಳ್ಳುವವನು ಎಲ್ಲಾದರೂ ಇದ್ದಾನೆಯೇ? ಅವಳು ಅದನ್ನೇ ಅತ್ತೆಗೆ ಹೇಳಿದಳು.

"ಹೆಚ್ಚು ಹೇಳಿದವನು ಕಳ್ಳ, ಕಮ್ಮಿ ಹೇಳಿದವನು ಇನ್ನೂ ದೊಡ್ಡ ಕಳ್ಳ," ಅತ್ತೆ ಕೆಮ್ಮುತ್ತಲೇ ನಕ್ಕರು. "ಬಿಟ್ಟಿ ಮಾಡಿಕೊಡ್ತೀನಿ ಅಂದಿದ್ರೆ ಪೊಲೀಸರನ್ನೇ ಕರೆಸ್ತಿದ್ಯೇನೋ."

ಅವನು ಮತ್ತೆ ಬಂದ, ಚಾವಣಿ ನೋಡಲು. ಮತ್ತೊಮ್ಮೆ ಬಂದ, ಗೋಡೆ ನೋಡಲು. ಹೋಗುವಾಗ ತಾನು ಉದುರಿಸಿದ ಧೂಳನ್ನು ತಾನೇ ಗುಡಿಸಿಹೋದ.

ಅವನು ಬರುವ ದಿನ ತಾನು ಎರಡು ಸಲ ತಲೆ ಬಾಚಿಕೊಂಡೆನೆಂದು ಅವಳಿಗೆ ಅರಿವಾಯಿತು. ಅಂದಿನಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಸಹಾಯಧನದ ಅರ್ಜಿ ಕೊಡಲು ಒಂದೇ ದಿನ ಉಳಿದಿತ್ತು. ಸಹಿ ಹಾಕಲೆಂದು ಅವಳು ಅವನು ಬಿಟ್ಟುಹೋಗಿದ್ದ ಫೈಲು ತೆರೆದಳು. ಒಳಗೆ ಒಂದಲ್ಲ, ಎರಡು ಅಳತೆಯ ಹಾಳೆಗಳಿದ್ದವು.

ಮೊದಲನೆಯದರಲ್ಲಿ 'ಒಂದು ಕೋಣೆ ತೆರೆಯಲಿಲ್ಲ' ಎಂದಿತ್ತು. ಎರಡನೆಯದರಲ್ಲಿ ಅದೇ ಕೋಣೆಯ ಮುಂದೆ ಒಂದು ಅಂಕಿ. ಇಡೀ ಮನೆಯ ಸೋರಿಕೆಯಲ್ಲಿ ಕಾಲು ಭಾಗ ಅಲ್ಲಿಯದೇ! ತಾರೀಖು ಗುರುವಾರದ್ದು. ಗುರುವಾರ ಅವಳು ಕೆಲಸದಲ್ಲಿದ್ದಳು. ಕೀಲಿ ಅವಳ ಚೀಲದಲ್ಲೇ ಇತ್ತು.

ಒಂದೋ ಇವನು ಬೀಗ ತೆಗೆದಿದ್ದಾನೆ. ಇಲ್ಲವೇ ಸಹಾಯಧನ ಹೆಚ್ಚಲೆಂದು ಅಂಕಿ ಹುಟ್ಟಿಸಿದ್ದಾನೆ. ಯಾವುದಾದರೂ ಸರಿ... ಕೆಳಗಿನ ಸಹಿ ಮಾತ್ರ ನನ್ನದು.

ಅವನ ಅಂಗಡಿ ತುಂಬ ಹೊದಿಕೆಯ ಸುರುಳಿಗಳಿದ್ದವು. ಕೂರಲು ಜಾಗವಿರಲಿಲ್ಲ. ಅವಳು ನಿಂತೇ ಹಾಳೆಯನ್ನು ಅವನ ಮುಂದೆ ಹಾಕಿದಳು.

"ಆ ಕೋಣೆಗೆ ಯಾರು ಹೋಗಿದ್ರು?"

"ಯಾರೂ ಹೋಗಿಲ್ಲ."

"ಹಾಗಾದ್ರೆ ಅಂಕಿ ಆಕಾಶದಿಂದ ಬಿತ್ತಾ?"

ಅವನು ತಡವರಿಸುತ್ತ ಹೇಳಿದ. ಒಂದು ಕೋಣೆ ಬಿಟ್ಟ ಅಳತೆಯನ್ನು ಸಹಾಯಧನದ ಕಚೇರಿಯವರು ಒಪ್ಪಿರಲಿಲ್ಲ. ಬಾಗಿಲು ತೆರೆಯಿರಿ ಎಂದು ಅವಳನ್ನು ಕೇಳಲು ಅವನಿಗೆ ಮನಸ್ಸಾಗಲಿಲ್ಲ. ಕೊನೆಗೆ ಫ್ಯಾನು ಹಾಕಿ, ಬಾಗಿಲ ಕೆಳಗಿನ ಸಂದಿಯಲ್ಲಿ ತೆಳುವಾದ ಕೊಳವೆ ತೂರಿಸಿ, ಒಳಗಿನ ಗಾಳಿಯ ಒತ್ತಡ ಅಳೆದಿದ್ದ. ಟಾರ್ಚು ಹಿಡಿದವರು ಅತ್ತೆಯೇ. ಅವಳಿಗೆ ಗೊತ್ತಾದರೆ ಆ ಸಂದಿಗೂ ಬೀಗ ಹಾಕುತ್ತಾಳೆ, ನಿಧಾನಕ್ಕೆ ನಾನೇ ಹೇಳುತ್ತೇನೆ ಎಂದಿದ್ದರಂತೆ. ಹೇಳುವ ಧೈರ್ಯ ಅವರಿಗೂ ಬಂದಿರಲಿಲ್ಲ.

"ತಪ್ಪು ನಂದು. ನಿಮ್ಮನ್ನೇ ಕೇಳ್ಬೇಕಿತ್ತು," ಎಂದ. ಆಮೇಲೆ ದನಿ ತಗ್ಗಿಸಿ, "ಈ ಹಾಳೆಯನ್ನೂ ಕೊಡೋಕಾಗಲ್ಲ ಅಂತ ಫೈಲು ಬಿಟ್ಟುಬಂದ ಮೇಲೆ ಹೊಳೀತು. ಕಿಟಕಿಯೆಲ್ಲ ಮುಚ್ಚಿದ್ರೆ ಮಾತ್ರ ಅಳತೆ ಲೆಕ್ಕಕ್ಕೆ ಬರುತ್ತೆ. ಸಂದಿಯಿಂದ ಅಷ್ಟು ಗಾಳಿ ಬರಲ್ಲ. ಅಲ್ಲಿ ಕಿಟಕಿ ತೆರೆದೇ ಇದೆ, ಅಲ್ವಾ?"

ಅವಳು ಸುರುಳಿಯೊಂದನ್ನು ಹಿಡಿದುಕೊಂಡಳು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಗಂಡ ಆ ಕಿಟಕಿಯನ್ನು ಅರ್ಧ ತೆರೆದಿದ್ದ. ಅವನ ಕೈ ತೆರೆದದ್ದನ್ನು ಮುಚ್ಚಲು ಅವಳಿಗೆ ಕೈ ಬರಲಿಲ್ಲ. ಎರಡು ಚಳಿಗಾಲ ಅದು ಹಾಗೇ ಇತ್ತು. ಆ ಬಾಗಿಲ ಎದುರಿಗೇ ಅತ್ತೆಯ ಮಂಚ...

"ನಾಳೆ ಕೊನೇ ದಿನ. ಯಾಕೆ ಹೇಳಲಿಲ್ಲ?"

"ಮುಚ್ಚಿ ಅನ್ನೋಕೆ ನಾನ್ಯಾರು?"

ಅವಳು ಮನೆಗೆ ಬಂದವಳೇ ಬೀಗ ತೆಗೆದಳು. ಅತ್ತೆ ಹೊಸ್ತಿಲಲ್ಲೇ ನಿಂತರು. ಅದು ಅವರ ಮಗನ ಕೋಣೆಯೂ ಹೌದು... ಎರಡು ವರ್ಷದಲ್ಲಿ ಒಮ್ಮೆಯೂ ಅವಳಿಗದು ಹೊಳೆದಿರಲಿಲ್ಲ.

"ಬನ್ನಿ ಅತ್ತೆ," ಎಂದಳು.

ಕೀಲು ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ಕಿಟಕಿಯನ್ನು ತಳ್ಳಿದರು. ಮುಚ್ಚಿದ ಮೇಲೆ ಅವಳು ಅತ್ತಳು, ಎಷ್ಟೋ ತಿಂಗಳ ನಂತರ.

ಮರುದಿನ ಬೆಳಿಗ್ಗೆ ಎಲ್ಲ ಬಾಗಿಲೂ ತೆರೆದಿದ್ದವು. ಅವನು ಮೊದಲಿನಿಂದ ಅಳೆದ. ಅವಳು ಒಂದೊಂದು ಸಾಲನ್ನೂ ಓದಿ ಸಹಿ ಹಾಕಿದಳು. ಫ್ಯಾನು ಬಿಚ್ಚಿ ಚೀಲಕ್ಕೆ ತುಂಬಿದ ಮೇಲೂ ಅವನು ಮೆಟ್ಟಿಲಲ್ಲೇ ನಿಂತಿದ್ದ.

"ಗೋಡೆ ನೋಡೋಕೆ ನಾನು ಬರಲೇಬೇಕು ಅಂತಿರಲಿಲ್ಲ," ಎಂದ. "ಚಾವಣೀನೂ ಮೊದಲನೇ ದಿನವೇ ನೋಡಿ ಆಗಿತ್ತು."

"ಮತ್ತೆ?"

"ನಿಮ್ಮನ್ನ ನೋಡೋಕೆ ಬಂದಿದ್ದೆ."

ಇದರಲ್ಲಿ ಮೋಸ ಎಲ್ಲಿದೆ ಎಂದು ಅವಳು ಅವನ ಮುಖದಲ್ಲಿ ಹುಡುಕಿದಳು. ತುಂಬ ಹೊತ್ತು ಹುಡುಕಿದಳು. ಸಿಗಲಿಲ್ಲ.

"ನನಗೆ ಸಮಯ ಬೇಕು," ಎಂದಳು. "ಎಷ್ಟು ಅಂತ ಗೊತ್ತಿಲ್ಲ."

"ಕಾಯ್ತೀನಿ."

ಒಳಗಿನಿಂದ ಅತ್ತೆಯ ದನಿ ಬಂತು. ಮಾತಾಡುವುದಿದ್ದರೆ ಒಳಗೆ ಬಂದು ಮಾತಾಡಬೇಕಂತೆ, ಚಳಿಯಂತೆ.

ಅವಳು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

"ಬನ್ನಿ..."