ನಾಲ್ಕು ಜಿಬಿ ಒಳಗೆ

ಹೆಣ್ಣಿನ ಬಗ್ಗೆ ವಿಚಾರಿಸಲು ಅಮೃತೂರಿನಿಂದ ಬಂದವರು ಕುಣಿಗಲ್‌ನ ಸ್ಟುಡಿಯೋದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ, ಆ ಹೆಣ್ಣು ಪ್ಲೈವುಡ್ ಗೋಡೆಯ ಈಚೆ ಯಾರದೋ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದಳು. ಮಾಲೀಕ ಅಂಜನಮೂರ್ತಿಯ ಒಂದೊಂದು ಮಾತೂ ಅರುಣಾಳ ಕಿವಿಗೆ ಬಿತ್ತು.

"ಹುಡ್ಗಿ ಒಳ್ಳೇವ್ಳೇ ಬುಡಿ. ಆದ್ರೆ ಎಷ್ಟೊತ್ತಾದ್ರೂ ಕ್ಯಾಮೆರಾ ಹುಡುಗ್ರ ಜೊತೆ ಇಲ್ಲೇ ಇರ್ತಾಳೆ. ನಾನೇನೂ ಹೇಳಲ್ಲಪ್ಪ, ನೀವೇ ಯೋಚ್ನೆ ಮಾಡಿ."

ಎಷ್ಟೊತ್ತಾದರೂ ಕೂರಿಸಿ ದುಡಿಸಿದವನು ಅವನೇ! ಮದುವೆಯಾಗಿ ಹೋದರೆ ಇಂಥ ಎಡಿಟರ್ ಸಿಗುವುದಿಲ್ಲವೆಂಬ ಹೊಟ್ಟೆಯುರಿ. ಅಮೃತೂರಿನವರು ಮತ್ತೆ ಫೋನ್ ಮಾಡಲಿಲ್ಲ. ಮಾತು ಮಾತ್ರ ಕುಣಿಗಲ್ಲೆಲ್ಲ ಸುತ್ತಿತು. ಅಮ್ಮ ನರಸಿಂಹಮ್ಮ ಪಕ್ಕದ ಮನೆಯ ಸೀಮಂತಕ್ಕೂ ಹೋಗದೆ ಬಾಗಿಲು ಹಾಕಿಕೊಂಡು ಕೂತಳು. ನನ್ನ ಹೆಸರು ಕೆಡಿಸಿದವನ ಹೆಸರು ಕೆಡಬೇಕು, ಅದೂ ತುಂಬಿದ ಛತ್ರದಲ್ಲಿ, ಅಮ್ಮನ ಕಣ್ಣೆದುರು ಎಂದು ಅರುಣಾ ಹಲ್ಲು ಕಚ್ಚಿಕೊಂಡಳು.

ದಾರಿ ಅವನೇ ತೋರಿಸಿಕೊಟ್ಟ. ಗುಬ್ಬಿಯ ವೆಂಕಟೇಶಯ್ಯನವರ ಮಗಳು ಅಪರ್ಣಳ ನಿಶ್ಚಿತಾರ್ಥದಲ್ಲಿ, ಶಾಸ್ತ್ರ ಮುಗಿದ ಮೇಲೆ ಪುರೋಹಿತರ ಕಾಲರ್ ಮೈಕನ್ನು ಅಂಜನಮೂರ್ತಿ ತನ್ನ ಶರ್ಟಿಗೇ ಸಿಕ್ಕಿಸಿಕೊಂಡು ಆಫ್ ಮಾಡಲು ಮರೆತಿದ್ದ. ಊಟದ ಪಂಕ್ತಿಯಲ್ಲಿ ಅವನು ಆಡಿದ್ದೆಲ್ಲ ರೆಕಾರ್ಡ್ ಆಗಿತ್ತು: "ಆ ಹುಡ್ಗಿ ಮುಖಕ್ಕೆ ಎಷ್ಟ್ ಲೈಟ್ ಹಾಕಿದ್ರೂ ಅಷ್ಟೇ ಕಣೋ. ಗಂಡು ಅದೇನ್ ನೋಡಿ ಒಪ್ಪಿದ್ನೋ! ವೆಂಕಟೇಶಯ್ಯ ಕಾಲ್ ಹಿಡ್ದಿರ್ಬೇಕು."

ಆ ನಿಶ್ಚಿತಾರ್ಥದ ವಿಡಿಯೋವನ್ನು ತುಮಕೂರಿನ ಛತ್ರದಲ್ಲಿ, ಆರತಕ್ಷತೆಯ ಸಂಜೆ, ಗೋಡೆಯಗಲದ ಎಲ್‌ಇಡಿ ಪರದೆಯ ಮೇಲೆ ಹಾಕುವುದೆಂದು ಮೊದಲೇ ಮಾತಾಗಿತ್ತು. ಅರುಣಾ ಅವಸರಪಡಲಿಲ್ಲ. ಅಚ್ಚುಕಟ್ಟಾಗಿ ಎಡಿಟ್ ಮಾಡಿ, ಅಂಜನಮೂರ್ತಿಯನ್ನು ಕೂರಿಸಿ ಪೂರ್ತಿ ತೋರಿಸಿ, ಓಕೆ ಅನ್ನಿಸಿಕೊಂಡಳು. ಒಮ್ಮೆ ಓಕೆ ಅಂದದ್ದನ್ನು ಅವನು ಮತ್ತೆ ನೋಡುವವನಲ್ಲ. ಸಮಾರಂಭದ ದಿನ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಹೊರಡುವವನು.

ಆ ಕಾಪಿ ಮಾಡುವುದನ್ನು ಕಲಿಸುವಷ್ಟರಲ್ಲೇ ಅವಳಿಗೆ ಸಾಕುಸಾಕಾಗಿತ್ತು. ಛತ್ರದ ಪರದೆಗೆ ಸಿಕ್ಕಿಸುವ ಪೆನ್‌ಡ್ರೈವ್ ಹಳೇ ಫಾರ್ಮ್ಯಾಟಿನದು, ಎಷ್ಟೇ ಖಾಲಿ ಇದ್ದರೂ ನಾಲ್ಕು ಜಿಬಿ ಮೀರಿದ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ. "ಜಾಗ ಐತಲ್ಲಮ್ಮ, ಯಾಕ್ ತಗೊಳಲ್ಲ ಅಂತೈತೆ?" ಎಂದು ಅವನು ಪ್ರತಿಸಲ ಗೊಣಗುತ್ತಿದ್ದ. ಕೊನೆಗೆ ಅವಳು 'ನಾಲ್ಕು ಜಿಬಿ ಒಳಗೆ' ಎಂದು ಬರೆದು ಮಾನಿಟರಿಗೆ ಅಂಟಿಸಿದ್ದಳು. ಚಿತ್ರ ಮಸುಕಾಗಬಾರದೆಂದು ಪ್ರತಿ ವಿಡಿಯೋವನ್ನೂ ಆ ಗೆರೆಯ ಅಂಚಿಗೇ ತಂದು ನಿಲ್ಲಿಸುವುದು ಅವಳ ಹೆಮ್ಮೆ. ಅಪರ್ಣಳದ್ದನ್ನೂ ಹಾಗೇ ನಿಲ್ಲಿಸಿದ್ದಳು.

ತುಮಕೂರಿನಲ್ಲಿ ಬೇರೆ ಕೆಲಸ ಸಿಕ್ಕಿ ಸ್ಟುಡಿಯೋ ಬಿಡುವ ದಿನ, ಅವನು ಊಟಕ್ಕೆ ಹೋದಾಗ, ಹಾರ ಬದಲಾಯಿಸುವ ದೃಶ್ಯದ ನಂತರ ಹೂವಿನ ತಟ್ಟೆಗಳ ಅರ್ಧ ನಿಮಿಷ ಸೇರಿಸಿ, ಓಲಗದ ಸದ್ದು ತಗ್ಗಿಸಿ, ಅವನ ಮಾತನ್ನು ಕೂರಿಸಿದಳು. ಅದೇ ಹೆಸರಿನಲ್ಲಿ ಸೇವ್ ಮಾಡಿದಳು. ಮೈಕಿನ ಮೂಲ ರೆಕಾರ್ಡಿಂಗ್ ಅಳಿಸಿದಳು. ಊಟ ಮುಗಿಸಿ ಬಂದವನ ಕೈಗೆ ಪೇಡ ಇಟ್ಟು, "ಆಶೀರ್ವಾದ ಮಾಡಿ ಸಾರ್" ಅಂದಳು. ಗಿರಾಕಿಗಳಿಗೆ ಫೋಟೋ ಕಳಿಸಲು ಆ ಕಂಪ್ಯೂಟರಿನಲ್ಲಿ ಅವಳ ಮೊಬೈಲಿನ ವಾಟ್ಸಾಪೇ ತೆರೆದಿರುತ್ತಿತ್ತು. "ಈ ತಿಂಗ್ಳು ಹಂಗೇ ಇರ್ಲಿ ಕಣಮ್ಮ" ಅಂದ. ಬೇಡವೆಂದರೆ ಅನುಮಾನ ಬಂದೀತೆಂದು ಒಪ್ಪಿದಳು.

ಯಾರು ಕೇಳಿದರೂ ಉತ್ತರ ಸಿದ್ಧವಿತ್ತು. ಮೈಕ್ ಆಫ್ ಮಾಡದವನು ಅವನು, ನೋಡಿ ಓಕೆ ಅಂದವನು ಅವನು. ಅವಳೋ ತುಮಕೂರಿನಲ್ಲಿ ಹೊಸ ಕೆಲಸದಲ್ಲಿದ್ದಾಳೆ. ಗುಟ್ಟು ಗೊತ್ತಿದ್ದುದು ತಂಗಿ ಪೂಜಾಗೆ ಮಾತ್ರ, ಅದೂ ಬಾಯಿಮಾತಿನಲ್ಲಿ. "ಮೆಸೇಜ್ ಗಿಸೇಜ್ ಮಾಡ್ಬೇಡ ಕಣೇ, ಅಲ್ಲಿ ಕಂಪ್ಯೂಟರ್ ಮೇಲೂ ಕಾಣ್ಸುತ್ತೆ. ಆರತಕ್ಷತೆ ಸಂಜೆ ಸ್ಟುಡಿಯೋಗೆ ಬೀಗ ಬಿದ್ದಿರುತ್ತೆ, ಆಗ ಬೇಕಾದ್ರೆ ಕೇಳು. ಆಮೇಲೆ ನಾನೇ ಲಾಗೌಟ್ ಮಾಡ್ತೀನಿ" ಎಂದು ಅದನ್ನೂ ಯೋಚಿಸಿ ಹೇಳಿದ್ದಳು.

ಅಪರ್ಣಳಿಗೆ ನೋವಾಗುತ್ತದೆ, ನಿಜ. ಫೋಟೋ ಆರಿಸಲು ಬಂದಾಗಲೆಲ್ಲ ಆ ಹುಡುಗಿ "ಅಕ್ಕಾ" ಎಂದು ಪಕ್ಕದಲ್ಲೇ ಕೂರುತ್ತಿದ್ದಳು. ಆರತಕ್ಷತೆಗೂ ತಾನೇ ಫೋನ್ ಮಾಡಿ ಕರೆದಿದ್ದಳು. ಆಗಲಿ, ನನಗೆ ಆಗಲಿಲ್ಲವೇ ಎಂದುಕೊಂಡಳು ಅರುಣಾ.

ಆ ಸಂಜೆ ಅಮ್ಮನನ್ನು ಬಲವಂತದಿಂದ ಹೊರಡಿಸಿಕೊಂಡು ಬಂದು ಮೂರನೇ ಸಾಲಿನಲ್ಲಿ ಕೂರಿಸಿದಳು. ಪರದೆ ಬೆಳಗಿತು. ಉಂಗುರ ಆಯಿತು, ಹಾರ ಆಯಿತು. ಹೂವಿನ ತಟ್ಟೆಗಳು ಬಂದವು. ಅಂಜನಮೂರ್ತಿಯ ಗಂಟಲು ಛತ್ರದ ಮೂಲೆಮೂಲೆಗೂ ಕೇಳಿಸಿತು. ವೇದಿಕೆಯ ಮೇಲೆ ಅಪರ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಏ ಮೂರ್ತಿ! ನಿಂದೇ ಅಲ್ವೇನಯ್ಯಾ ಆ ಗಂಟ್ಲು?" ವೆಂಕಟೇಶಯ್ಯ ಎದ್ದು ನಿಂತು ಗುಡುಗಿದರು. ಅರುಣಾಳ ಎದೆ ತಂಪಾಯಿತು. ಅಬ್ಬಾ, ಎಷ್ಟು ದಿನದ ಉರಿ! "ನೋಡಮ್ಮ, ಇವನ ನಾಲಿಗೆ ಎಂಥದ್ದು ಅಂತ ಎಲ್ಲರಿಗೂ ಗೊತ್ತಾಯ್ತು" ಎಂದು ಅಮ್ಮನ ಕೈ ಒತ್ತಿದಳು.

"ನಾನ್ ನೋಡ್ದಾಗ ಇದಿರ್ಲಿಲ್ಲ ಸಾ, ದೇವ್ರಾಣೆ!" ಅಂಜನಮೂರ್ತಿ ಪರದೆಯ ಪಕ್ಕದ ಮೇಜಿನ ಬಟ್ಟೆ ಎಳೆದು ಅದರಡಿ ಸ್ವಿಚ್ಚಿಗಾಗಿ ತಡಕಾಡುತ್ತಿದ್ದ. "ಬೆಳಿಗ್ಗೆ ಪೆನ್‌ಡ್ರೈವ್‌ಗೂ ಹೋಗ್ಲಿಲ್ಲ ಸಾ, ನಾಲ್ಕ್ ಜಿಬಿ ದಾಟೈತೆ ಅಂತು. ಅದ್ಕೇ ಕಂಪ್ಯೂಟ್ರನ್ನೇ ಹೊತ್ಕೊಂಡ್ ಬಂದು, ಮನೇಲಿ ನೋಡೋರಿಗೆ ಲೈವ್ ಕಳ್ಸೋಕೆ ನೆಟ್ಟೂ ಇದಕ್ಕೇ ಕೊಟ್ಟಿದೀನಿ." ಅರ್ಧ ನಿಮಿಷ. ಅಂಚಿಗೆ ನಿಲ್ಲಿಸಿದ್ದ ಫೈಲಿಗೆ ಅರ್ಧ ನಿಮಿಷ ಸೇರಿಸಿದವಳು ಅದರ ಸೈಜ್ ಮಾತ್ರ ನೋಡಿರಲಿಲ್ಲ. ಅರುಣಾ ಲಾಗೌಟ್ ಮಾಡಲು ಮೊಬೈಲಿಗೆ ಕೈ ಹಾಕುವಷ್ಟರಲ್ಲಿ ಪರದೆಯ ಮೂಲೆಯಲ್ಲಿ, ಹೂವಿನ ತಟ್ಟೆಗಳ ಮೇಲೆ, ವಾಟ್ಸಾಪ್ ಮೆಸೇಜಿನ ಮೊಳದುದ್ದದ ಅಕ್ಷರಗಳು ಮೂಡಿದವು. ಅಪರ್ಣ ಮುಖದಿಂದ ಕೈ ತೆಗೆದು ಅದನ್ನು ಓದಿ, ಮೂರನೇ ಸಾಲಿನತ್ತ ತಿರುಗಿದಳು. ನರಸಿಂಹಮ್ಮ ಕನ್ನಡಕ ಸರಿಮಾಡಿಕೊಂಡು, ಸುಮ್ಮನಾಗಿದ್ದ ಛತ್ರಕ್ಕೆಲ್ಲ ಕೇಳಿಸುವಂತೆ ಒಂದೊಂದೇ ಪದ ಕೂಡಿಸಿ ಓದಿದಳು: "ಪೂಜಾ... ಅರುಣಕ್ಕಾ... ನೀನು ಸೇರಿಸಿದ ಮಾತು... ಬಂತಾ?"