ಕಿವಿಯೊಳಗಿನ ಬೆಳ್ಳುಳ್ಳಿ

"ಮೇಘನಾ! ಮಹಾರಾಣಿಯವರೇ, ನಿಮ್ಮನ್ನೇ ಕೇಳ್ತಿರೋದು!"

ಗಂಗಾಧರ್ ಸರ್ ಮತ್ತೆ ಮತ್ತೆ ಕೂಗಿದ ಮೇಲೆ ಮೇಘನ ತಲೆಯೆತ್ತಿದಳು. ಸರ್ ಕೇಳಿದ್ದು ಏನೆಂದೇ ತಿಳಿಯಲಿಲ್ಲ. ಸುಮ್ಮನೆ ಹಲ್ಲು ಕಿರಿದಳು. ಇಡೀ ಆರನೇ ಕ್ಲಾಸು ಕಿಸಕ್ಕನೆ ನಕ್ಕಿತು.

ಮೇಜಿನ ಮೇಲೆ ಅವಳೇ ಮಾಡಿದ ಕಿವಿಯ ಮಾಡೆಲ್ ಇತ್ತು. ರಟ್ಟಿನ ಹೊರಕಿವಿ, ಪೈಪಿನ ತುಂಡಿನ ಕಿವಿನಾಳ, ಅದರ ತುದಿಗೆ ಬಲೂನು ಬಿಗಿದು ಮಾಡಿದ ತಮಟೆ. ತಮಟೆಯ ಹಿಂದೆ ಬೆಂಕಿಕಡ್ಡಿಯ ಪುಟ್ಟ ಮೂಳೆಗಳು. ಇನ್ನೂ ಒಳಗೆ ಜೇಡಿಮಣ್ಣಿನ ಸುರುಳಿ, ಅದರ ಹೆಸರು ಕಾಕ್ಲಿಯ. ರೇಷ್ಮೆಹುಳು ಗೂಡು ಕಟ್ಟಲಿ ಎಂದು ಮನೆಯಲ್ಲಿಟ್ಟಿರುವ ಬಿದಿರಿನ ಚಂದ್ರಂಕಿಯ ಸುತ್ತುಗಳನ್ನು ನೋಡಿಕೊಂಡೇ ಅವಳು ಅದನ್ನು ಸುತ್ತಿದ್ದಳು. ಶನಿವಾರದ ಸೈನ್ಸ್ ಎಕ್ಸಿಬಿಷನ್‌ನಲ್ಲಿ ಅದನ್ನು ತಾನೇ ವಿವರಿಸಬೇಕೆಂದು ಎಷ್ಟು ಆಸೆಪಟ್ಟಿದ್ದಳು!

"ಮಾಡೆಲ್‌ಗೆ ಕಿವಿ ಇದೆ, ಮಾಡಿದವಳಿಗೇ ಇಲ್ಲ," ಅಂದರು ಸರ್. "ಸೋಮವಾರದಿಂದ ನೋಡ್ತಿದೀನಿ, ಯಾವ ಲೋಕದಲ್ಲಿದೀಯಮ್ಮ? ಶನಿವಾರ ಬಂದೋರು ಏನಾದ್ರೂ ಕೇಳಿದ್ರೆ ಹಿಂಗೇ ಹಲ್ಲು ಬಿಡ್ತೀಯಾ? ಕದಿರೇಶ, ನೀನೇ ಹೇಳೋ ಇದನ್ನ."

ಕದಿರೇಶ ಎದೆಯುಬ್ಬಿಸಿಕೊಂಡು ಎದ್ದ. ಹಿಂದಿನ ದಿನ ಕಾಕ್ಲಿಯ ತೋರಿಸಿ "ಇದೇನೇ, ಚಕ್ಕುಲಿನಾ?" ಎಂದು ಕೇಳಿದ ಮಹಾವಿಜ್ಞಾನಿ ಅವನೇ.

ಮೇಘನಳಿಗೆ ಅಳು ಬಂತು. ಭಾನುವಾರದಿಂದ ಅವಳ ಎಡಗಿವಿ ಗುಂಯ್ ಅನ್ನುತ್ತಿತ್ತು, ಏನೂ ಸರಿಯಾಗಿ ಕೇಳುತ್ತಿರಲಿಲ್ಲ. ಹೇಳಬಹುದಿತ್ತು. ಆದರೆ ಎಲ್ಲರೂ ಅಷ್ಟು ಚೆನ್ನಾಗಿ ನಗುತ್ತಿರುವಾಗ ಮಧ್ಯೆ ಬಾಯಿ ಹಾಕುವುದು ಹೇಗೆ?

ಮನೆಗೆ ಬಂದರೆ ಅಜ್ಜಿ ಮುನಿಶಾಮಮ್ಮ ಸೀರಿಯಲ್ ನೋಡುತ್ತಿದ್ದರು. ಆ ಸೀರಿಯಲ್ಲಿನ ಸೊಸೆ ಅತ್ತರೆ ಪಕ್ಕದ ಬೀದಿಯವರೂ ಕಣ್ಣೊರೆಸಿಕೊಳ್ಳಬೇಕು, ಅಷ್ಟು ಸೌಂಡು.

"ಅಜ್ಜಿ, ಆಚೆ ಊರು ಕ್ಯಾಲನೂರಿನವರಿಗೂ ಕೇಳಿಸ್ತಿದೆಯಂತೆ. ಇನ್ನೂ ಜೋರು ಮಾಡು!" ಎಂದು ಮೇಘನ ದಿನವೂ ಹೇಳುವ ಮಾತನ್ನೇ ಹೇಳಿದಳು. ಆಮೇಲೆ ಕಿವಿಯ ಕತೆಯನ್ನು ಕೂಗಿ ತಿಳಿಸಿದಳು.

"ಅಯ್ಯೋ ತಲ್ಲೀ, ಅಷ್ಟೇನಾ? ಇನ್ನೊಂಚೂರು ಎಣ್ಣೆ ಬಿಟ್ರೆ ಸರಿಹೋಗ್ತದೆ!"

ಅಜ್ಜಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧಿ. ಭಾನುವಾರದ ಎಣ್ಣೆಸ್ನಾನಕ್ಕೆ ಮೊದಲು ಮನೆಯವರ ಕಿವಿಗೆಲ್ಲ ಬೆಚ್ಚಗಿನ ಎಣ್ಣೆ, ಮೇಲೆ ಹತ್ತಿಯಲ್ಲಿ ಸುತ್ತಿದ ಬೆಳ್ಳುಳ್ಳಿ ಎಸಳು. ಎಣ್ಣೆ ಸೀದಾ ಮೆದುಳಿಗಿಳಿದು ತಂಪು ಮಾಡುತ್ತದೆ ಎನ್ನುವುದು ಅವರ ವಿಜ್ಞಾನ.

"ಮಧ್ಯೆ ತಮಟೆ ಅಡ್ಡ ಇದೆ ಅಜ್ಜಿ! ಎಣ್ಣೆ ಮೆದುಳಿಗೆ ಹೋಗಲ್ಲ!"

"ಹೋಗದೇನೇ ನಿಂಗೆ ಇಷ್ಟು ಬುದ್ಧಿ ಬಂತಾ?"

ಮೇಘನ ಎಣ್ಣೆ ಬಟ್ಟಲಿಗೆ ಸಿಗದೆ ಅಮ್ಮನ ಹತ್ತಿರ ಓಡಿದಳು.

ಮರುದಿನ ಅಮ್ಮ ಅವಳನ್ನು ಬಸ್ಸಿನಲ್ಲಿ ಕೋಲಾರಕ್ಕೆ ಕರೆದೊಯ್ದಳು. ಕಿವಿ ಡಾಕ್ಟರು ಲೈಟು ಬಿಟ್ಟು ನೋಡಿದರು, ಸಣ್ಣ ಇಕ್ಕಳ ಹಾಕಿದರು, ಮೆಲ್ಲಗೆ ಎಳೆದರು. ಎಣ್ಣೆಯಲ್ಲಿ ನೆಂದ ಹತ್ತಿ ಬಂತು. ಅದರ ಹಿಂದೆ ಕಂದುಬಣ್ಣಕ್ಕೆ ತಿರುಗಿದ ಒಂದು ಬೆಳ್ಳುಳ್ಳಿ ಎಸಳು! ಸ್ನಾನ ಮಾಡುವಾಗ ಬಿದ್ದುಹೋಗಿರಬೇಕು ಎಂದು ಮೇಘನ ಅದನ್ನು ಮರೆತೇಬಿಟ್ಟಿದ್ದಳು.

"ಒಗ್ಗರಣೆ ಹಾಕಿದೋರು ಯಾರು? ಸಾಸಿವೆ, ಕರಿಬೇವು ಮರೆತಿದ್ದಾರಲ್ಲ," ಅಂದರು ಡಾಕ್ಟರು. "ಪುಣ್ಯಕ್ಕೆ ತಮಟೆಗೆ ಏನೂ ಆಗಿಲ್ಲ. ಇನ್ಮೇಲೆ ಕಿವಿಗೆ ಎಣ್ಣೆ, ಕಡ್ಡಿ, ಪಿನ್ನು ಏನೂ ಹಾಕ್ಬೇಡಿ."

ಅಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು. ಮೇಘನ ಮಾತ್ರ ಆ ಎಸಳನ್ನು ಕಾಗದದಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಳು.

ಶುಕ್ರವಾರ ಬೆಳಿಗ್ಗೆ ಆ ಪೊಟ್ಟಣ ಗಂಗಾಧರ್ ಸರ್ ಮುಂದೆ ಬಿಚ್ಚಿಕೊಂಡಿತು. ಸರ್ ಮೂಗು ಮುಚ್ಚಿಕೊಂಡರು.

"ಇದು ಕಿವಿಯಲ್ಲಿತ್ತಾ? ಮೊದಲೇ ಹೇಳೋಕೇನಾಗಿತ್ತಮ್ಮ?"

"ಹೇಳೋಣ ಅಂತಿದ್ದೆ ಸರ್. ಎಲ್ಲಾರೂ ನಗ್ತಿದ್ರು."

ಸರ್ ಪೊಟ್ಟಣವನ್ನು ಮತ್ತೆ ಮಡಚಿದರು. ಆಮೇಲೆ ಮಾಡೆಲನ್ನು ಅವಳ ಕಡೆ ಸರಿಸಿ, "ನಾಳೆ ನೀನೇ ಹೇಳಮ್ಮ," ಅಂದರು.

"ಅಬ್ಬಾ, ಬದುಕಿದೆ!" ಅಂದ ಕದಿರೇಶ. ಪಾಪ, ರಾತ್ರಿಯಿಡೀ ಕಾಕ್ಲಿಯ ಉರು ಹೊಡೆದಿದ್ದನಂತೆ.

ಸಂಜೆ ಮೇಘನ ಕುಣಿಯುತ್ತಲೇ ಹುಳು ಸಾಕುವ ಮನೆಗೆ ಹೋದಳು. ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಸರಸರ, ಸರಸರ. ತಟ್ಟೆಗಳ ತುಂಬ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಎರಡೂ ಕಿವಿಯಲ್ಲಿ ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು!

ಸೊಪ್ಪು ಹರಡುತ್ತಿದ್ದ ಅಜ್ಜಿ ದಿನವೂ ಕೇಳುವುದನ್ನೇ ಕೇಳಿದರು. "ಏಮ್ಮಾ, ಮೇಯೋ ಸದ್ದು ಬರ್ತದಾ?"

ಪಕ್ಕದಲ್ಲೇ ನಿಂತಿದೀಯಲ್ಲ, ನೀನೇ ಕೇಳ್ಕೋ. ಮೇಘನಳ ದಿನನಿತ್ಯದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಜ್ಜಿ ಬಗ್ಗಿ ಬಲಗಿವಿಯನ್ನು ತಟ್ಟೆಗೆ ತಾಗುವಷ್ಟು ಹತ್ತಿರ ಒಡ್ಡಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಎದ್ದು, ಸುಮ್ಮನೆ ನಕ್ಕರು.

ಆ ನಗು ಮೇಘನಳಿಗೆ ಗೊತ್ತಿತ್ತು. ಕ್ಲಾಸಿನಲ್ಲಿ ಏನೂ ಕೇಳಿಸದೆ ಅವಳೂ ಹಾಗೇ ನಕ್ಕಿದ್ದಳು.

ಅವಳು ಸುತ್ತಿಕೊಂಡು ಅಜ್ಜಿಯ ಬಲಗಡೆಗೆ ಬಂದು ಕಿವಿಯ ಹತ್ತಿರ ಬಾಯಿಟ್ಟಳು.

"ಬರ್ತಿದೆ ಅಜ್ಜಿ. ಸೋನೆ ಮಳೆ ಥರ. ಜೋರಾಗಿ ಮೇಯ್ತಿದಾವೆ."

"ಹಂಗಾ!" ಅಜ್ಜಿಯ ಮುಖ ಅರಳಿತು. "ಹಂಗಾದ್ರೆ ಇನ್ನೊಂದು ಮಂಕರಿ ಸೊಪ್ಪು ತಾ, ಹೋಗು."

ಆ ಸಂಜೆ ಸೀರಿಯಲ್ಲಿನ ಸೊಸೆ ಎಂದಿನಂತೆ ಊರಿಗೆಲ್ಲ ಕೇಳುವಂತೆ ಅತ್ತಳು. ಮೇಘನ ಕ್ಯಾಲನೂರಿನ ಮಾತೇ ಎತ್ತದೆ ಅಜ್ಜಿಯ ಬಲಗಡೆ ಹೋಗಿ ಕೂತಳು.